ಗಾಳಿಯ ತಪ್ಪು ಮಗ್ಗುಲು

ನವೆಂಬರ್ ಹದಿನೈದು. ಬೇಟೆಯ ಮೊದಲ ದಿನ. ಇನ್ನೂ ಕತ್ತಲೆ.
ಗುಡ್ಡದಾಚೆ ಸುಪೀರಿಯರ್ ಸರೋವರ
ಮಗ್ಗುಲು ಬದಲಿಸುವ ಸದ್ದು.

ನಿನ್ನೆ ರಾತ್ರಿ ಸೌನಾದಲ್ಲಿ ಕೂತು
ಕಾದ ಕಲ್ಲಿಗೆ ನೀರೆರಚಿ ಬೆವರಿದೆ.
ಗಂಧವಿಲ್ಲದ ಸೋಪಿನಲ್ಲಿ ಕೂದಲು ತೊಳೆದೆ,
ಅಡಿಗೆ ಸೋಡಾದಲ್ಲಿ ಹಲ್ಲುಜ್ಜಿದೆ,
ಬೆಳಗ್ಗೆ ಕಾಫಿ ಬಿಟ್ಟೆ
(ನಮ್ಮ ಫಿನ್ನಿಶ್ ಮನೆಗಳಲ್ಲಿ ಇದು
ಚರ್ಚು ಬಿಟ್ಟಷ್ಟೇ ದೊಡ್ಡ ಸುದ್ದಿ).
ಇಷ್ಟೆಲ್ಲ, ಯಾರೂ ಅಲ್ಲದವಳಾಗುವುದಕ್ಕೆ.

ಕಲಿಸಿದ್ದು ಅಪ್ಪ, ವಿಲ್ಹೊ.
ತಾಮ್ರದ ಗಣಿ ಮುಚ್ಚಿದ ಮೇಲೆ
ಮರದ ದಿಮ್ಮಿಯ ಲಾರಿ ಓಡಿಸಿದವನು.
ವರ್ಷಕ್ಕೆ ನಾಲ್ಕು ಮಾತು; ಮೂರು ಗಾಳಿಯ ಬಗ್ಗೆ.
"ಜಿಂಕೆಯ ಕಣ್ಣಿಗೆ ಸುಳ್ಳು ಹೇಳಬಹುದು.
ಕಿವಿಗೂ ಹೇಳಬಹುದು, ಅಳಿಲು ಅಂದುಕೊಳ್ಳುತ್ತದೆ.
ಮೂಗಿಗೆ ಮಾತ್ರ ಆಗುವುದಿಲ್ಲ."
ಲೋಕದ ಜನ ಗಾಳಿ ಬಂದಾಗ ತೂರಿಕೊಳ್ಳುತ್ತಾರೆ.
ನಾವು ಗಾಳಿ ಬಂದಾಗ
ಎದ್ದು ಜಾಗ ಬದಲಿಸುತ್ತೇವೆ.

ಅವನ ಉಣ್ಣೆ ಕೋಟು ನಾಲ್ಕು ವರ್ಷ
ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿತ್ತು, ದೇವದಾರು ಸೊಪ್ಪಿನ ನಡುವೆ,
ಮುಚ್ಚಳದ ಅಂಚಿಗೆ ಅವನೇ ಸುತ್ತಿದ ಟೇಪು.
ಮೊನ್ನೆ ಬಿಚ್ಚಿ ಕಾಲರಿಗೆ ಮುಖವಿಟ್ಟೆ.
ಡೀಸೆಲ್ ಇಲ್ಲ. ತುಟಿಯಡಿಯ ಹೊಗೆಸೊಪ್ಪು ಇಲ್ಲ.
ಕುತ್ತಿಗೆ ಇಲ್ಲ.
ಬರೀ ಕಾಡು.
ಕೆಲಸ ಅಚ್ಚುಕಟ್ಟಾಗಿ ಮಾಡಿದ್ದ, ಎಂದಿನಂತೆ.

ಈಗ ಆ ಕೋಟಿನೊಳಗೆ, ಮೇಲೆ ಕಾನೂನಿನ ಕಿತ್ತಳೆ ಅಂಗಿ,
ಹಳ್ಳದ ತಳದಲ್ಲಿ, ಬಿದ್ದ ಹೆಮ್ಲಾಕ್ ಮರದ ಬುಡಕ್ಕೆ ಆತು ಕೂತಿದ್ದೇನೆ.
ಜೇಬಿನಲ್ಲಿ ಫಿಲ್ಮ್ ರೋಲಿನ ಹಳೆಯ ಡಬ್ಬಿ,
ಅದರ ತುಂಬ ಎಕ್ಕದಂಥ ಗಿಡದ ಅರಳೆ.
ಒಂದೆಳೆ ಬಿಟ್ಟೆ.
ತಣ್ಣನೆಯ ಗಾಳಿ ಇಳಿಜಾರು ಹಿಡಿದು
ನೀರಿನ ಹಾಗೆ ಕೆಳಕ್ಕೆ ಹರಿಯುತ್ತಿದೆ;
ಎಳೆ ನನ್ನ ಬೆನ್ನ ಹಿಂದಕ್ಕೆ ಹೋಯಿತು.
ಮೇಲಿನಿಂದ ಬರುವವರ ಸುದ್ದಿ ನನಗೆ,
ನನ್ನದು ಯಾರಿಗೂ ಇಲ್ಲ.

"ಬಿಸಿಲು ಮರದ ಸೊಂಟಕ್ಕೆ ಬಂದರೆ ಎದ್ದುಬಿಡು,
ಗಾಳಿ ಹತ್ತಲು ಶುರುಮಾಡುತ್ತದೆ."
ಗೊತ್ತಿತ್ತು. ಕಾಲು ಜೋಮು ಹಿಡಿದಿತ್ತು,
ಅಥವಾ ಹಾಗೆಂದು ಹೇಳಿಕೊಂಡೆ.

ಮೇಪಲ್ ಏರಿನಿಂದ ಹೆಣ್ಣುಜಿಂಕೆ ಇಳಿಯಿತು,
ಎಲೆಯ ಮೇಲೆ ಒಂದು ಗೊರಸು, ಬಹಳ ಹೊತ್ತಿನ ಮೇಲೆ ಇನ್ನೊಂದು.
ಮೂವತ್ತು ಮಾರು.
ಇನ್ನೊಂದೆಳೆ ಬಿಟ್ಟೆ.
ನೆಲ ಮುಟ್ಟುವ ಮುಂಚೆ ತಡೆಯಿತು, ಯೋಚಿಸಿತು,
ಮೆಲ್ಲಗೆ ಮೇಲಕ್ಕೇರಿ ಅದರ ಕಡೆಗೇ ಹೊರಟಿತು.

ಜಿಂಕೆ ತಲೆಯೆತ್ತಿತು. ಮೂಗು ನೆಕ್ಕಿಕೊಂಡಿತು.
ಮುಂಗಾಲು ನೆಲಕ್ಕೆ ಕುಟ್ಟಿತು, ಒಮ್ಮೆ.
ಓಡಲಿಲ್ಲ.
ಎರಡು ಹೆಜ್ಜೆ ಹತ್ತಿರ ಬಂದು
ಕತ್ತು ಚಾಚಿ ಓದತೊಡಗಿತು
ನನ್ನನ್ನಲ್ಲ, ನಾನು ತೊಳೆದು ಬಂದಿದ್ದೇನೆ,
ಕೋಟನ್ನು.

ಸೊಪ್ಪಿನ ಕೆಳಗೆ, ಉಣ್ಣೆಯ ಕೆಳಗೆ,
ಟೇಪು ಸುತ್ತಿದ ಕೈಯ ಕೆಳಗೆ
ನನಗೆ ಸಿಗದ್ದು ಅದಕ್ಕೆ ಸಿಕ್ಕಿತ್ತು.
ಬಂದೂಕು ತೊಡೆಯ ಮೇಲೇ ಇತ್ತು.
ಹೇಗಿದ್ದಾನೆ, ಎಂದು ಕೇಳಬೇಕೆನಿಸಿತು.

ಆಮೇಲೆ ಬುಸ್ಸೆಂದು ಒಂದು ಉಸಿರು,
ಬಿಳಿ ಬಾಲ, ಮುರಿದ ಕಡ್ಡಿ, ಏನೂ ಇಲ್ಲ.

ಸಂಜೆ ಒರ್ವಿಲ್ ಕೇಳುತ್ತಾನೆ, ಗಾಳಿ ಕೈಕೊಟ್ಟಿತೇ?
ತಿರುಗಿತು, ಅನ್ನುತ್ತೇನೆ.
ಎದ್ದು ಮೇಲಕ್ಕೆ ಹೋಗುವುದು ಬಿಟ್ಟು
ಕೋಟಿನ ಗುಂಡಿ ಒಂದೊಂದಾಗಿ ಬಿಚ್ಚಿ
ಹತ್ತುವ ಗಾಳಿಗೆ ಬೆನ್ನು ಕೊಟ್ಟು
ಮಧ್ಯಾಹ್ನದವರೆಗೆ ಕೂತೇ ಇದ್ದೆ
ಎಂದು ಹೇಳುವುದಿಲ್ಲ.