ತಾಮ್ರ ದಣಿಯುವ ಮುನ್ನ

ಗುದೈಬಿಯಾದ ಈ ಮೂರನೇ ಮಾಳಿಗೆಯಲ್ಲಿ
ಎ.ಸಿ. ಯಾವತ್ತೂ ಆರಿಸುವುದಿಲ್ಲ ನಾನು.
ನನಗಲ್ಲ ಈ ತಂಪು.
ಮಂಚದಡಿಯ ಚಪ್ಪಟೆ ಪೆಟ್ಟಿಗೆಯಲ್ಲಿ
ಏಳು ಹಾಳೆ ಮಲಗಿವೆ, ಅವಕ್ಕೆ.
ಆಗಸ್ಟಿನ ಬೆವರು ಗೋಡೆಗೆ ಬಂದರೂ
ಕಾಗದಕ್ಕೆ ಬರಬಾರದು.

ಕಟ್ಟಡಗಳು. ಯಾವ ಊರಲ್ಲೂ ಇಲ್ಲದವು.
ಹತ್ತಿ ಹತ್ತಿ ಮೆಟ್ಟಿಲಿಗೇ ತಲುಪುವ ಮೆಟ್ಟಿಲು,
ಕಮಾನಿನ ಹೊಟ್ಟೆಯೊಳಗೆ ಇನ್ನೊಂದು ಕಮಾನು,
ಏನನ್ನೂ ಎತ್ತದೆ ಇಳಿಬಿದ್ದ ಹಗ್ಗ.
ಕೆತ್ತಿದವನ ಹೆಸರು ಅಂಚಿನಲ್ಲಿತ್ತಂತೆ;
ಅಂಚು ಇಲಿಗೆ ಹೋಯಿತು.

ಬೆಹ್ರೂಜ್ ಆಗಾ ಕಲಿಸಿದ್ದು, ಸೂಕಿನ ಹಿಂದೆ
ಒಣನಿಂಬೆ ಅಂಗಡಿಯ ಅಟ್ಟದಲ್ಲಿ:
"ತಾಮ್ರ ದಣಿಯುತ್ತದೆ, ಭಾಯಿ.
ಒಂದೊಂದು ಅಚ್ಚಿಗೂ ಗೀರು ಕೂದಲಷ್ಟು ಸವೆದು
ಇನ್ನೂರು ದಾಟಿದ ಮೇಲೆ ನೆರಳೆಲ್ಲ ಬೂದಿ.
ಆಗ ಮತ್ತೆ ಗೀರುತ್ತಾರೆ, ಮತ್ತೆ ಆಸಿಡ್ಡು,
ಕತ್ತಲು ತುಂಬಿ ದುಡ್ಡು ಎಣಿಸುತ್ತಾರೆ.
ಜನಕ್ಕೆ ಕತ್ತಲೇ ಇಷ್ಟ. ನೀನು
ಬೆಳಕಿದ್ದಾಗಿನದನ್ನು ಹುಡುಕು."

ಹುಡುಕಿದೆ, ಹನ್ನೊಂದು ವರ್ಷ.
ಓವರ್‌ಟೈಮಿನ ದಿನಾರು, ಎರಡು ಬೇಸಿಗೆಯ ಟಿಕೆಟ್ಟು,
ಜೆಸಿಂತಾಳಿಗೆ ಒಪ್ಪಿದ್ದ ಬಳೆ.
ಲೆಕ್ಕ ಕೇಳಿದಳು. ಹಳೇ ಪೇಪರು, ಎಂದೆ.
"ಇಲ್ಲೂ ಇದೆಯಲ್ಲ ಹಳೇ ಪೇಪರು,
ಕಿಲೋಗೆ ಹದಿನಾಲ್ಕು."

ಕಚೇರಿಯಲ್ಲಿ ನನ್ನ ಕೆಲಸವೂ ಗೀರುವುದೇ.
ಪಿಲ್ಲರು, ಬೀಮು, ಸರಳಿನ ಬಾಗು.
ರಿವಿಜನ್ ಸೊನ್ನೆ, ರಿವಿಜನ್ ಒಂದು;
ಹದಿನೇಳಕ್ಕೆ ಬರುವಷ್ಟರಲ್ಲಿ
ಮೊದಲ ಗೆರೆ ಯಾರದೆಂದು ಗೆರೆಗೇ ಮರೆತಿರುತ್ತದೆ.

ಸಮುದ್ರ ತುಂಬಿಸಿದ ನೆಲದ ಮೇಲೆ
ಐವತ್ತೆರಡು ಮಾಳಿಗೆಯ ಒಂದು ಗೋಪುರ.
ಅದರ ಸೊನ್ನೆಯಲ್ಲಿ, ಅಳತೆ ತಿಳಿಯಲೆಂದು,
ಮೆಟ್ಟಿಲ ಬುಡಕ್ಕೆ ಒಬ್ಬನನ್ನು ನಿಲ್ಲಿಸಿದ್ದೆ.
ರೂಮಿನ ಸಂಕಪ್ಪನನ್ನೇ. ಎತ್ತಿ ಕಟ್ಟಿದ ಲುಂಗಿ,
ಸೊಂಟಕ್ಕೆ ಕೈ, ಬಸ್ಸು ತಪ್ಪಿದವನ ನಿಲುವು.
ಕೆಂಪು ಪೆನ್ನು ಬಂತು: ಕೋಟು ತೊಡಿಸಿ.
ತೊಡಿಸಿದೆ. ಮತ್ತೆ ಬಂತು: ತೆಗೆಯಿರಿ.
ತೆಗೆದೆ.
ಬ್ಯಾಂಕು ಕೈಬಿಟ್ಟಿತೋ, ಯಜಮಾನರ ಮನಸ್ಸು ತಿರುಗಿತೋ,
ಗೋಪುರವೂ ಏಳಲಿಲ್ಲ. ಈಗಲ್ಲಿ
ನೀರುಕಾಗೆ ರೆಕ್ಕೆ ಒಣಗಿಸುವ ನಾಲ್ಕು ಕಂಬ.

ಐದನೇ ಹಾಳೆ ಆಮೇಲಿನ ಅಚ್ಚು.
ತಿಳಿದೇ ಕೊಂಡೆ, ಅಗ್ಗವಿತ್ತು.
ಒಂದು ಶುಕ್ರವಾರ ಭೂತಗನ್ನಡಿ ಹಿಡಿದರೆ
ಕಪ್ಪು ಮೆಟ್ಟಿಲ ಮೇಲೆ ಉಗುರಿನಷ್ಟು ಬಿಳುಪು.
ಉಜ್ಜಿದ ಗುರುತು. ತಾಮ್ರ ನಯಮಾಡಿ
ಯಾರನ್ನೋ ಅಳಿಸಿದ್ದಾರೆ.
ಮೊಣಕೈ ಮಾತ್ರ ಉಳಿದಿದೆ.
ಕೈ ಸೊಂಟಕ್ಕೋ ಗೋಡೆಗೋ, ಹೇಳಲಾಗದು.

ಸಂಕಪ್ಪನಿಗೆ ಈಗ ಬಂಟ್ವಾಳದಲ್ಲಿ ಟಯರಿನ ಅಂಗಡಿ.
ಫೋನು ಮಾಡಿ ಎಲ್ಲ ಹೇಳಿದೆ.
"ನನ್ನನ್ನು ಚಿತ್ರಕ್ಕೆ ಹಾಕಿದ್ದಾ? ಹೇಳಲೇ ಇಲ್ಲ ಮಾರಾಯ,"
ನಕ್ಕ. "ನಿಂತದ್ದಕ್ಕೆ ಸಂಬಳ ಎಲ್ಲಿ?"
ಹಿಂದೆ ಗಾಳಿ ತುಂಬುವ ಯಂತ್ರ ಕಿರುಚಿತು,
ಆಮೇಲೆ ಮಾಡುತ್ತೇನೆ ಎಂದ. ಮಾಡಿಲ್ಲ.

ನಿನ್ನೆ ರಾತ್ರಿ ಆಗಾನ ಕರೆ.
ಮುಹರಕ್ಕಿನ ಮುತ್ತಿನ ವ್ಯಾಪಾರಿಯೊಬ್ಬನ ಹಳೇ ಮನೆ
ಖಾಲಿ ಮಾಡುವಾಗ ಸಿಕ್ಕಿತಂತೆ,
ಐದನೆಯದು, ಮೊದಲ ಅಚ್ಚು.
ಒಂದು ಮೂಲೆ ನೀರು ಕುಡಿದಿದೆ, ಹುಳದ ತೂತು ಮೂರು.
ಬೆಲೆ ಹೇಳಿದ. ನಾನು ಬೆಲೆ ಕೇಳಿರಲಿಲ್ಲ.

ಆಗಾ, ಮೆಟ್ಟಿಲ ಮೇಲೆ ನೋಡಿ,
ಯಾರಾದರೂ ಇದ್ದಾರಾ?

ತಡಿ, ಎಂದ.
ಕನ್ನಡಕ ತಡಕುವ ಸದ್ದು.
ನಿಂಬೆಯ ಚೀಲ ಪಕ್ಕಕ್ಕೆ ಸರಿದ ಸದ್ದು.
ಆಮೇಲೆ ಕಾಗದದ ಮೇಲಿಂದ ಕಾಗದ ಎತ್ತುವುದು,
ನಿಧಾನ,
ಬಹಳ ನಿಧಾನ.