ಖಾಲಿ ಲಾರಿಯ ತೂಕ

ಮಂಡ್ಯದ ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ
ಕಬ್ಬಿನ ಲಾರಿ ತೂಗುವವ ನಾನು.
ಬರುವಾಗ ಒಮ್ಮೆ, ಸುರಿದು ಹೋಗುವಾಗ ಒಮ್ಮೆ.
ಮೊದಲನೆಯದರಲ್ಲಿ ಎರಡನೆಯದು ಕಳೆದರೆ ಕಬ್ಬು.
ಖಾಲಿ ಲಾರಿಯ ತೂಕ ಬರೆಯದೆ
ಯಾರ ಚೀಟಿಗೂ ಸೀಲು ಒತ್ತಿದವನಲ್ಲ.

ಆಪರೇಷನ್ನಿನ ಹಿಂದಿನ ವಾರ, ರಾತ್ರಿ ಪಾಳಿಯಲ್ಲಿ,
ಯಾರೂ ಇಲ್ಲದಾಗ, ಚಪ್ಪಲಿ ಬಿಟ್ಟು
ಆ ಕಬ್ಬಿಣದ ಹಾಸಿನ ಮೇಲೆ ನಿಂತಿದ್ದೆ.
ನೂರ ನಲವತ್ತು, ಅಂತು ಕಿಟಕಿಯ ಮೇಲಿನ ಕೆಂಪು ಅಂಕಿ.
ಹತ್ತು ಕೆಜಿಗಿಂತ ಸಣ್ಣದು
ಅದರ ಕಣ್ಣಿಗೆ ಬೀಳುವುದಿಲ್ಲ.

ಮೈಸೂರಿನ ಡಾಕ್ಟರು ಹೇಳಿದರು:
'ಹೊಟ್ಟೆಯಲ್ಲಿ ಒಂದು ಬಾಳೆಹಣ್ಣಿನಷ್ಟು ಉಳಿಸಿದ್ದೀವಿ.'
ರಸಬಾಳೆಯೋ ಪಚ್ಚಬಾಳೆಯೋ ಕೇಳಬೇಕೆಂದಿದ್ದೆ,
ಬಾಯಿ ಒಣಗಿತ್ತು.

ಈಗ ಒಂಬತ್ತನೇ ತಿಂಗಳು.
ಕಾಫಿ, ತುಕ್ಕು ಹಿಡಿದ ಮೊಳೆ ಚೀಪಿದ ಹಾಗೆ.
ರೈಲಿನೊಳಗೆ ವಡೆಯ ಬುಟ್ಟಿ ಬಂದರೆ
ಎದ್ದು ಹೋಗಿ ಬಾಗಿಲ ಗಾಳಿಗೆ ಮುಖ ಕೊಡುತ್ತೇನೆ,
ಆ ವಡೆಗೆಂದೇ ಮದ್ದೂರಿಗೆ ಟಿಕೆಟ್ ತೆಗೆಯುತ್ತಿದ್ದವನು.
ಬೆಲ್ಲವಂತೂ ಬೇಡ.
ಕೀಲಾರದ ಆಲೆಮನೆಯಲ್ಲಿ, ಎಲೆಯ ಮೇಲೆ, ಬಿಸಿಯದು, ಒಂದೇ ತುಣುಕು.
ಹತ್ತು ನಿಮಿಷಕ್ಕೆ ಎದೆಯೊಳಗೆ ತಮಟೆ, ಬೆನ್ನೆಲ್ಲ ಬೆವರು,
ಅಲ್ಲೇ ಸಿಪ್ಪೆಯ ರಾಶಿಗೆ ಒರಗಿ ಕೂತೆ.
ಆಲೆಯ ರಾಚಪ್ಪಾಜಿ ನೀರು ಕೊಟ್ಟು ಅಂದ:
'ಸಕ್ಕರೆ ಊರಲ್ಲಿ ಹುಟ್ಟಿ ಬೆಲ್ಲಕ್ಕೆ ಸೋತ್ಯಲ್ಲೋ ಮಗ.'

ಮುದ್ದೆಯ ಮಾತು ಬೇರೆ.
ನಮ್ಮಲ್ಲಿ ಮುದ್ದೆ ಅಗಿಯುವುದಿಲ್ಲ, ನುಂಗುವುದು.
ಅಗಿದರೆ ಪರಸ್ಥಳದವನೆಂದು ಗೊತ್ತಾಗಿಬಿಡುತ್ತದೆ.
ಪಥ್ಯ ಬರೆಯುವ ಹುಡುಗಿ ಹೇಳಿದ್ದಾಳೆ, ತುತ್ತಿಗೆ ಮೂವತ್ತು ಸಲ.
ನನ್ನ ಊರಲ್ಲೇ, ನನ್ನ ಅಡುಗೆಮನೆಯಲ್ಲೇ
ಪರಸ್ಥಳದವನಾಗಿ ಅಗಿಯುತ್ತೇನೆ.
ಹನ್ನೊಂದು. ಹನ್ನೆರಡು.
ಹದಿನೆಂಟಕ್ಕೆ ರಾಗಿ ಚೂರು ಸಿಹಿಯಾಗುತ್ತದೆ.
ಐವತ್ತೊಂದು ವರ್ಷ ನುಂಗಿದವನಿಗೆ
ಯಾರೂ ಇದನ್ನು ಹೇಳಿರಲಿಲ್ಲ.

ತಮ್ಮನ ಮಗಳ ಬೀಗರೂಟದಲ್ಲಿ
ಒಂದು ಮೂಳೆ ಹಿಡಿದು ಒಂದು ಗಂಟೆ ನಟಿಸಿದೆ.
ಬಡಿಸುವವರು ನನ್ನ ಎಲೆ ದಾಟುವಾಗ ದನಿ ತಗ್ಗಿಸಿದರು,
ಸತ್ತವರ ಮನೆ ಮುಂದೆ ವಾಲಗ ನಿಲ್ಲಿಸುವ ಹಾಗೆ.

ದೇವೀರಮ್ಮ ಮೊದಮೊದಲು
ಚೊಂಬಿನಷ್ಟು ದಪ್ಪ ಮುದ್ದೆಯನ್ನೇ ಕಟ್ಟಿದಳು, ಕೈಯ ಅಭ್ಯಾಸ.
ಆಮೇಲೆ ಕಿತ್ತಳೆ. ಆಮೇಲೆ ನಿಂಬೆ.
ಈಗ ನೆಲ್ಲಿಕಾಯಿ, ಮೊಮ್ಮಗನ ಬಟ್ಟಲಲ್ಲಿ.
ಅವಳದು ಉಂಡಾಗಿ ಕೈ ಒಣಗಿರುತ್ತದೆ,
ನಾನಿನ್ನೂ ಹದಿನೆಂಟರಲ್ಲಿ.
'ಇನ್ನೊಂಚೂರು ಇಕ್ಲಾ?'
ಇಪ್ಪತ್ತೇಳು ವರ್ಷ ಅವಳು ನನಗೆ ಆಡಿದ
ಒಂದೇ ಒಂದು ಪ್ರೀತಿಯ ಮಾತು.
ಈಗಲೂ ಸೌಟು ಎತ್ತುತ್ತಾಳೆ, ನೆನಪಾಗಿ
ಪಾತ್ರೆಯ ಅಂಚಿಗೆ ತಟ್ಟಿ ಇಳಿಸುತ್ತಾಳೆ.
ಆ ಸದ್ದು.

ನಿನ್ನೆ ಉಪ್ಸಾರು.
ಬೆರಳ ತುದಿಗೆ ಖಾರ ಹಚ್ಚಿ ನೆಕ್ಕಿದೆ.
ನಾಲಿಗೆ ಏನೋ ಅಂತು. ಮತ್ತೆ ನೆಕ್ಕಿದೆ.
ಹೇಳಲೋ ಬೇಡವೋ.
'ಹುಣಸೆ ಜಾಸ್ತಿ ಕಣೇ.'
ಅವಳ ಕೈ ನಿಂತಿತು. 'ಯಾವಾಗಿಂದ?'
ನಿಜವಾಗಿಯೂ ಗೊತ್ತಿಲ್ಲ.
ನಾಲಿಗೆ ಬದಲಾಯಿತೋ, ಮೊದಲಿಂದ ಹೀಗೇ ಇದ್ದು
ತುಂಬಿದ ಲಾರಿಗೆ ತಿಳಿಯಲಿಲ್ಲವೋ.
ಬಯ್ಯುತ್ತಾಳೆ ಅಂದುಕೊಂಡೆ.
ಸೆರಗು ಬಾಯಿಗಿಟ್ಟು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು:
'ನಮ್ಮವ್ವ ಹಾಕ್ತಿದ್ದದ್ದೇ ಹಂಗೆ. ನಂಗೂ ಜಾಸ್ತೀನೇ ಅನ್ಸೋದು.
ನೀವು ಸುಮ್ಕೆ ತಿಂತಿದ್ರಿ,
ನಾನೂ ಸುಮ್ಕೆ ಹಾಕ್ತಿದ್ದೆ.'

ರಾತ್ರಿ ಪಾಳಿಗೆ ಹೊರಟಾಗ ಡಬ್ಬಿ ಕಟ್ಟುತ್ತ
ಮರೆತು ಅಂದುಬಿಟ್ಟಳು: 'ಇನ್ನೊಂಚೂರು ಇಕ್ಲಾ?'
'ಇಕ್ಕು,' ಅಂದೆ.

ಅದನ್ನು ಪಾಂಡವಪುರದ ಲಾರಿಯ ಕ್ಲೀನರ್ ಹುಡುಗ ತಿಂದ,
ತೂಕದ ಹಾಸಿನ ಪಕ್ಕ, ನಿಂತಲ್ಲೇ,
ಒಂದು ಸಲವೂ ಅಗಿಯದೆ.