ಸುರುಳಿ ದೀಪ

ಕೀ ತಿರುಗಿಸಿದ ಕೂಡಲೇ ಹೊರಡುವ ಗಾಡಿಯಲ್ಲ ಇದು.
ಮೊದಲು ಹಳದಿ ಸುರುಳಿಯೊಂದು ಹೊತ್ತಿಕೊಳ್ಳುತ್ತದೆ,
ಅವಸರದಲ್ಲಿ ಒತ್ತಿದ ಚಕ್ಕುಲಿಯ ಹಾಗೆ.
ಅದು ಆರಬೇಕು. ಆಮೇಲೆ ಪೂರ್ತಿ ತಿರುಗಿಸಬೇಕು.

"ಒಳಗೆ ಅದಕ್ಕೆ ಚಳಿ, ಬೆಚ್ಚಗಾಗಲಿ ಮಾಷೇ,"
ಎಂದಿದ್ದ ಸೀತಾಂಗೋಳಿಯ ಅಂದುಞ್ಞಿ.
"ನಿಲ್ಲಿಸುವಾಗಲೂ ಹಾಗೆ. ಮನೆ ಬಂತೆಂದು
ಟಪ್ ಅಂತ ಕೊಲ್ಲಬೇಡಿ.
ಒಂದು ನಿಮಿಷ ಸುಮ್ಮನೆ ಉರಿಯಲಿ.
ಟರ್ಬೋ ಓಡಿ ಬಂದಿದೆಯಲ್ಲ, ಉಸಿರು ತಗೊಳ್ಳಲಿ."
ನಾನು ಮಾಷಲ್ಲ, ಬದಿಯಡ್ಕದಲ್ಲಿ ಆಧಾರ ಬರೆಯುವವನು;
ಕಿಸೆಯಲ್ಲಿ ಪೆನ್ನಿದ್ದವರೆಲ್ಲ ಅವನಿಗೆ ಮಾಷೇ.

ಊರವರ ಜಾಗದ ಚೆಕ್ಕುಬಂದಿ ಬರೆದು ಬರೆದು
ಕೂಡಿಟ್ಟ ದುಡ್ಡಿಗೆ
ಉಪ್ಪಳದ ಗಲ್ಫಿನವರಿಂದ ಕೊಂಡದ್ದು:
ಬೆಳ್ಳಿ ಬಣ್ಣ, ಡೀಸೆಲ್, ಡಿಕ್ಕಿ ಇರುವ ಸರಿಯಾದ ಕಾರು.
ಡಿಕ್ಕಿ ಇಲ್ಲದ್ದು ಬಾಲ ಬಿಟ್ಟುಹೋದ ಹಲ್ಲಿ,
ಆಗಲೂ ಈಗಲೂ ನನ್ನ ಅಭಿಪ್ರಾಯ ಅದೇ.

ಇದಕ್ಕೂ ಒಂದು ಚೆಕ್ಕುಬಂದಿ ಬರೆಯಬಹುದು.
ಮುಂದಕ್ಕೆ, ಕಲ್ಲು ಸಿಡಿದು ಗೆರೆ ಮೂಡಿದ ಗಾಜು.
ಎಡಕ್ಕೆ ಜಲಜಾಕ್ಷಿ, ಮಡಿಲಲ್ಲಿ ಬ್ಯಾಗು.
ಹಿಂದಕ್ಕೆ ಮಗಳು, ಅತ್ತೆ, ಮತ್ತು ಬಿಡದೆ
"ಅಲ್ಲೇ ಇಳೀತೇನೆ" ಎನ್ನುವ ನೆರೆಯವರೊಬ್ಬರು.
ಬಲಕ್ಕೆ ಕಿಟಕಿಯ ಮೇಲಿಟ್ಟ ನನ್ನ ಕೈ,
ಇನ್ನೊಂದಕ್ಕಿಂತ ಒಂದು ಪಾಲು ಕಪ್ಪು.

ತಲಪಾಡಿ ದಾಟಿದರೆ ಡೀಸೆಲ್ ಅಗ್ಗ.
ಹಾಗಾಗಿ ನಮ್ಮ ಕಡೆ ಎಲ್ಲರಿಗೂ ಮಂಗಳೂರಿನಲ್ಲಿ
ಏನಾದರೊಂದು ಕೆಲಸ ಇದ್ದೇ ಇರುತ್ತದೆ.
ಜಲಜಾಕ್ಷಿ ಒಮ್ಮೆ ಸಾಮಾನು ಚೀಟಿಯ ಹಿಂದೆ ಲೆಕ್ಕ ಹಾಕಿದಳು:
ನಲವತ್ತು ಲೀಟರಿಗೆ ಉಳಿದದ್ದು ಇಷ್ಟು,
ಹೋಗಿ ಬರಲು ಉರಿದದ್ದು ಇಷ್ಟು, ಟೋಲು,
ತೊಕ್ಕೊಟ್ಟಿನಲ್ಲಿ ನಾಲ್ಕು ಜನಕ್ಕೆ ಗೋಳಿಬಜೆ, ಚಾ.
ಗೆರೆ ಎಳೆದು ಕೆಳಗೆ ಬರೆದಳು: ಮೈನಸ್ ಹದಿನೇಳು ರೂಪಾಯಿ.
ಆದರೂ ಹೋಗುತ್ತಿದ್ದೆವು.
ಮುಳ್ಳು ಮೇಲೇರುವುದನ್ನು ನೋಡುವ ಸುಖಕ್ಕೆ
ಅಷ್ಟು ಕೊಡಬಹುದು.

ಪಂಪ್‌ವೆಲ್ಲಿನ ಪೊಲೀಸನಿಗೆ ನಾವು ಕೇರಳ.
ಎರ್ನಾಕುಳದ ಲಾಡ್ಜಿನವ ಹಿಂದಿನ ಗಾಜಿನ
ಕನ್ನಡ ಅಕ್ಷರ ನೋಡಿ ಹಿಂದಿಯಲ್ಲಿ ಮಾತಾಡಿದ.
ಕಾರಿಗೆ ಎರಡು ಕಡೆಯೂ ಒಂದೇ ಭಾಷೆ,
ಕಡಕಡಕಡ.

ಹೇಳಹೊರಟದ್ದು ಆ ಒಂದು ನಿಮಿಷದ ಬಗ್ಗೆ.
ಅಂಗಳಕ್ಕೆ ಬಂದು, ಹ್ಯಾಂಡ್‌ಬ್ರೇಕ್ ಎಳೆದು,
ಕೀ ಮುಟ್ಟದೆ ಕೂರುವ ನಿಮಿಷ.
ಯಾರೂ ಇಳಿಯುವುದಿಲ್ಲ.
ಇಳಿಯಬಾರದೆಂದು ಅಂದುಞ್ಞಿಯೇನೂ ಹೇಳಿರಲಿಲ್ಲ.
ನಿಶ್ಮಿತಾ ಕೆಮಿಸ್ಟ್ರಿ ಹೋದದ್ದನ್ನು ಹೇಳಿದ್ದು ಆಗಲೇ,
ಕನ್ನಡಿಯಲ್ಲಿ ನನ್ನ ಕಣ್ಣು ತಪ್ಪಿಸಿ.
ಬಳೆ ಅಡವಿಟ್ಟದ್ದು ಯಾರಿಗಾಗಿ ಎಂದು
ಅತ್ತೆ ಬಾಯಿಬಿಟ್ಟದ್ದೂ ಆಗಲೇ
(ಅದನ್ನು ಇಲ್ಲಿ ಬರೆಯುವುದಿಲ್ಲ).
ದೇರಳಕಟ್ಟೆಯ ಆಸ್ಪತ್ರೆಗೆ ಇಪ್ಪತ್ತೈದು ದಿನ
ಹೋಗಿ ಬಂದ ಆ ಮೇ ತಿಂಗಳು
ಜಲಜಾಕ್ಷಿ ಏನೂ ಹೇಳಲಿಲ್ಲ.
ಎಸಿಯ ಗಾಳಿಗೆ ಅಂಗೈ ಹಿಡಿದು ಕೂತಿದ್ದಳು.
ಕೆಲವು ದಿನ ನಿಮಿಷವೆಂದರೆ ಇಪ್ಪತ್ತು ನಿಮಿಷ.
ಆ ಡೀಸೆಲಿನ ಲೆಕ್ಕ ಅವಳು ಹಾಕಲಿಲ್ಲ.

ಈ ವರ್ಷ ಆರ್‌ಸಿಗೆ ಹದಿನೈದು ತುಂಬಿತು.
ಹಸಿರು ತೆರಿಗೆ, ಫಿಟ್‌ನೆಸ್, ಹೊಗೆಯ ಚೀಟಿ.
"ಕೊಟ್ಟುಬಿಡಿ" ಎಂದಳು ಮಗಳು,
ಚಾರ್ಜಿಗೆ ಹಾಕುವ ಕಾರೊಂದನ್ನು ಫೋನಿನಲ್ಲಿ ತೋರಿಸಿ.
ಕಾಞಂಗಾಡಿನಿಂದ ಒಬ್ಬ ಬಂದ. ಒಳ್ಳೆಯ ಹುಡುಗ,
ಟಯರಿಗೆ ಒದ್ದು ನೋಡಲಿಲ್ಲ, ಚೌಕಾಸಿಯೂ ಹೆಚ್ಚಿಲ್ಲ.
ಕೂತು, ಕೀ ಹಾಕಿ,
ಒಂದೇ ಸಲಕ್ಕೆ ಪೂರ್ತಿ ತಿರುಗಿಸಿದ.
ಸುರುಳಿ ಇನ್ನೂ ಉರಿಯುತ್ತಿತ್ತು.
ಕೆಮ್ಮಿ, ನಡುಗಿ, ಬೆಳ್ಳಗೆ ಹೊಗೆ ಬಿಟ್ಟು
ಹೇಗೋ ಎದ್ದಿತು ಕಾರು.
ನಾನು ಬಾಯಿ ತೆರೆಯುವ ಮೊದಲೇ
ಬಾಗಿಲಲ್ಲಿ ನಿಂತಿದ್ದ ಜಲಜಾಕ್ಷಿ, ಅವನಿಗೆ ತಿಳಿಯಲೆಂದು
ಮಲಯಾಳದಲ್ಲಿ ಅಂದಳು: "ಕೊಡುಕ್ಕುನ್ನಿಲ್ಲ."
ಕಾರಣ ಹೇಳಲಿಲ್ಲ. ಚಾ ಕೊಟ್ಟಳು.

ತೆರಿಗೆಯ ರಶೀದಿ ಈಗ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿದೆ,
ಆ ಹಳೆಯ ಸಾಮಾನು ಚೀಟಿಯ ಮೇಲೆ.
ಮುಳ್ಳು ಕೆಂಪಿಗೆ ಇಳಿದಿದೆ; ನಾಳೆ ತಲಪಾಡಿ ದಾಟಬೇಕು.
ಮಂಗಳೂರಿನಲ್ಲಿ ಏನು ಕೆಲಸ ಎಂಬುದು
ಇನ್ನೂ ತೀರ್ಮಾನವಾಗಿಲ್ಲ.